ಬೀಗರ ಕುದುರೆಯ ಹಿಂಗಾಲು

ಹನೂರಿನ ಬೀಗರ ಮನೆಯಿಂದ ಕುದುರೆ ಬಂದ ಬೆಳಗ್ಗೆ ಮಾಂಬಳ್ಳಿಯ ಸಿದ್ದಮಲ್ಲಪ್ಪ ಜಗಲಿಯ ಮೇಲೆ ಕೂತು, ಮಜ್ಜಿಗೆಗೆ ಯಾರೋ ನೀರು ಬೆರೆಸಿದ್ದಾರೆ ಎಂದು ಜಗಳ ತೆಗೆದಿದ್ದ. ಮಜ್ಜಿಗೆಗೆ ನೀರು ಬೆರೆಸದೆ ಇನ್ನೇನು ಬೆರೆಸುತ್ತಾರೆ? ಆದರೆ ಅವನಿಗೆ ಅದನ್ನು ಹೇಳುವವರು ಯಾರು! ಗಾಣದವನು ಎಣ್ಣೆಯಲ್ಲಿ ಮೋಸ ಮಾಡುತ್ತಾನೆ, ಅಗಸ ಪಂಚೆ ಅದಲುಬದಲು ಮಾಡುತ್ತಾನೆ, ಯಳಂದೂರಿನ ಅಂಗಡಿಯವನು ಉಪ್ಪಿಗೂ ಮರಳು ಸೇರಿಸುತ್ತಾನೆ, ಇದು ಅವನ ದಿನನಿತ್ಯದ ಪಾರಾಯಣ. ಕೇಳಿ ಕೇಳಿ ಹೆಂಡತಿ ಚನ್ನಮಲ್ಲಮ್ಮನ ಕಿವಿ ತೂತು ಬಿದ್ದುಹೋಗಿತ್ತು.

ಅಷ್ಟರಲ್ಲಿ ಬೀಗರ ಆಳು ನಾಗಯ್ಯ ಕುದುರೆ ಹಿಡಿದುಕೊಂಡು ಬಂದ. ಕಂದು ಮೈ, ಹಣೆಯ ಮೇಲೆ ಬಿಳಿ ಬೊಟ್ಟು, ನೋಡಲು ಲಕ್ಷಣವಾಗಿತ್ತು. ಮಗ ಸದಾಶಿವನ ಮದುವೆಯಲ್ಲಿ ಬೀಗ ರುದ್ರಸ್ವಾಮಿ, ಅಳಿಯನಿಗೊಂದು ಕುದುರೆ ಕೊಡುತ್ತೇನೆ ಎಂದು ಚಪ್ಪರದಲ್ಲೇ ಮಾತು ಕೊಟ್ಟಿದ್ದ. ಆ ಮಾತು ನೆರವೇರುವ ಹೊತ್ತಿಗೆ ಮನೆಯ ಹಳೆ ಕುದುರೆ ಸತ್ತು, ಗಾಡಿ ಕೊಟ್ಟಿಗೆಯ ಮೂಲೆ ಸೇರಿತ್ತು. ಯುದ್ಧದ ಕಾಲ, ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ರೇಷ್ಮೆ ಗೂಡಾದರೋ ಯಾರಿಗೂ ಕಾಯುವುದಿಲ್ಲ. ಬೇಗ ಕೊಳ್ಳೇಗಾಲಕ್ಕೆ ಮುಟ್ಟಿಸದಿದ್ದರೆ ಚಿಟ್ಟೆ ಗೂಡು ಕೊರೆದು ಹೊರಗೆ ಬಂದು, ಬೆಳೆದದ್ದೆಲ್ಲ ನೀರುಪಾಲು. ಹಾಗಾಗಿ ಈ ಮನೆಗೆ ಕುದುರೆ ಬೇಕೇ ಬೇಕಿತ್ತು.

ನಾಗಯ್ಯ ಅದನ್ನು ತಂದು ಅಂಗಳದಲ್ಲಿ ಕೆದರಿದ್ದ ಹುಲ್ಲಿನ ಮೇಲೆ ನಿಲ್ಲಿಸಿದ.

"ಏಯ್ ನಾಗಯ್ಯ, ಅದ್ನ ಯಾಕ್ಲಾ ಉಲ್ಲಿನ್ ಮ್ಯಾಲೆ ನಿಲ್ಲಿಸ್ದೆ? ಗೊರಸು ಕಾಣ್ಬಾರ್ದು ಅಂತಾನಾ?" ಎಂದ ಸಿದ್ದಮಲ್ಲಪ್ಪ.

"ಮೇಯ್ಲಿ ಅಂತ ಕನ ಯಜಮಾನ್ರೇ. ದೂರದಿಂದ ನಡ್ದು ಬಂದದೆ."

"ಮೇಯೋದು ಬಾಯಲ್ಲಿ. ಇಂಗಾಲ್ನ ಯಾಕೆ ಮುಚ್ಚಬೇಕು? ಆಚೆಗೆ ಎಳಿ."

ಸುತ್ತಮುತ್ತ ಯಾರೇ ಕುದುರೆ ಕೊಳ್ಳಲಿ, ಮೊದಲು ಸಿದ್ದಮಲ್ಲಪ್ಪನ ಜಗಲಿಯ ಮುಂದೆ ತಂದು ನಿಲ್ಲಿಸುವುದು ವಾಡಿಕೆ. ಅವನು ಸುಳಿ ನೋಡುತ್ತಿದ್ದ, ಹಲ್ಲು ನೋಡುತ್ತಿದ್ದ, ಕಡೆಗೆ ಹಿಂಗಾಲು ನೋಡಿ ತೀರ್ಪು ಕೊಡುತ್ತಿದ್ದ. ಬೀಗರ ಕುದುರೆಯನ್ನೂ ಜಗಲಿಯ ಮೂಲೆಯಿಂದ ಕತ್ತು ಉದ್ದ ಮಾಡಿ ನೋಡಿದ. ನೋಡುತ್ತಾ ನೋಡುತ್ತಾ ಮುಖ ಗಂಟಿಕ್ಕಿದ.

"ಅಸು ನಿಂತಂಗೆ ನಿಂತದೆ. ನಮ್ ಬೀಗ್ರು ನಮ್ಗೆ ಟೋಪಿ ಆಕವ್ರೆ!"

ಕುದುರೆಯ ಹಿಂಗಾಲಿನ ನಡುವೆ, ಹಿಂದಕ್ಕೆ ಚಾಚಿಕೊಂಡ ಗೆಣ್ಣೊಂದು ಇರುತ್ತದಲ್ಲ, ಎರಡೂ ಕಾಲಿನ ಆ ಗೆಣ್ಣುಗಳು ಒಳಕ್ಕೆ ವಾಲಿ, ಕೆಳಗೆ ಗೊರಸು ಹೊರಕ್ಕೆ ತಿರುಗಿದ್ದರೆ ಅದನ್ನು ಅವನು ಹಸುಗಾಲು ಎನ್ನುತ್ತಿದ್ದ. ಅಂಥ ಕುದುರೆ ಭಾರ ಎಳೆದರೆ ಗೆಣ್ಣು ಊದುತ್ತದೆ, ಲಾಳ ಒಂದೇ ಕಡೆ ಸವೆಯುತ್ತದೆ, ಏರಿನಲ್ಲಿ ಕಾಲು ಕೈಕೊಡುತ್ತದೆ. ನಾಗಯ್ಯ ಊಟವನ್ನೂ ಸರಿಯಾಗಿ ಮಾಡದೆ, ಅರ್ಧ ಮುದ್ದೆ ಎಲೆಯಲ್ಲೇ ಬಿಟ್ಟು ಎದ್ದುಹೋದ. ಅದೂ ಸಿದ್ದಮಲ್ಲಪ್ಪನ ಲೆಕ್ಕಕ್ಕೆ ಒಂದು ಸಾಕ್ಷಿಯಾಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಸೊಸೆ ಸುವರ್ಣಮ್ಮನನ್ನೇ ಹಿಡಿದುಕೊಂಡ. ಅವಳು ಬಸುರಿ, ಏಳು ತಿಂಗಳು ತುಂಬುವುದರೊಳಗೆ ಮೊದಲ ಹೆರಿಗೆಗೆ ತವರಿಗೆ ಹೋಗಬೇಕಾದವಳು.

"ನಿಮ್ಮಪ್ಪ ಈ ಕುದ್ರನ ಎಲ್ಲಿ ತಂದ್ರು? ನಿಂಗೇನಾರ ಗೊತ್ತಾ?"

"ಗೊತ್ತಿಲ್ಲ ಮಾವ."

"ಗೊತ್ತಿದ್ರೂ ಏಳ್ತೀಯಾ ನೀನು! ಕೇಳ್ಕ. ನಿಮ್ಮಪ್ಪ ಬಂದು, ಮೋಸ ಮಾಡ್ದೆ ಅಂತ ಒಪ್ಕಂಡು ಕುದ್ರ ವಾಪಸ್ ಒಡ್ಕಂಡು ಓಗ್ಬೇಕು. ಅಲ್ಲೀಗಂಟ ನೀನು ಅನೂರಿಗೆ ಓಗಂಗಿಲ್ಲ."

ಸುವರ್ಣಮ್ಮನ ಕೈಯಲ್ಲಿದ್ದ ಸಾರಿನ ಸೌಟು ಹಾಗೇ ನಿಂತಿತು. ಮೂಲೆಯಲ್ಲಿ ಕೂತು ಮುದ್ದೆಯನ್ನು ಸಾರಿನಲ್ಲಿ ಕಿವುಚುತ್ತಿದ್ದ ಸಿದ್ದಮಲ್ಲಪ್ಪನ ತಾಯಿ ದೊಡ್ಡಬಸಮ್ಮ ತಲೆಯೆತ್ತಿದಳು.

"ಅಲ್ಲ ಕಣ್ಲಾ ಮಗ, ಕುದ್ರೆ ಇಂಗಾಲಿಗೂ ಇವಳ ಬಾಣಂತನಕ್ಕೂ ಏನ್ಲಾ ಸಂಬಂಧ?"

"ನೀನು ಸುಮ್ಕೆ ಉಣ್ಣವ್ವ. ಎಣ್ಣ ಕಳಿಸ್ಬುಟ್ರೆ ಆಮೇಲೆ ಬೀಗ ಈ ಕಡೆ ತಲೆ ಆಕ್ತಾನಾ?"

"ಆಗ್ಲಿ ಬುಡು. ಇಲ್ಲೇ ಎತ್ರೂ ಏನಾಗ್ತದೆ? ಇವಳೂ ಇಲ್ಲೇ ಎರಲಿಲ್ವಾ?" ಎಂದು ಮುದುಕಿ ತನ್ನ ಸೊಸೆ ಚನ್ನಮಲ್ಲಮ್ಮನ ಕಡೆ ಗದ್ದ ಎತ್ತಿ ತೋರಿಸಿದಳು.

ಚನ್ನಮಲ್ಲಮ್ಮನೂ ಒಂದು ಕಾಲದಲ್ಲಿ ಈ ಮನೆಯ ಎಳೆ ಸೊಸೆ. ಎತ್ತಿನ ಜೋಡಿಯ ವಿಷಯಕ್ಕೆ ಅವಳ ಅಪ್ಪನಿಗೂ ಮಾವನಿಗೂ ಮನಸ್ತಾಪವಾಗಿ, ಅವಳನ್ನು ತವರಿಗೆ ಕಳಿಸದೆ ಉಳಿಸಿಕೊಂಡಿದ್ದರು. ಹೆತ್ತ ಹೆಣ್ಣುಕೂಸು ಹಾಲು ಹೀರಲಾರದೆ ಎರಡೇ ದಿನಕ್ಕೆ ಕಣ್ಣು ಮುಚ್ಚಿತು. ತಾಯಿ ಹತ್ತಿರವಿದ್ದಿದ್ದರೆ ಉಳಿಯುತ್ತಿತ್ತೋ ಇಲ್ಲವೋ, ದೇವರಿಗೇ ಗೊತ್ತು. ಆದರೆ ಆ ಸಂಕಟದಲ್ಲಿ ಅಳಲು ಅವಳಿಗೊಂದು ಮಡಿಲೂ ಇರಲಿಲ್ಲ. ಅದನ್ನು ಅವಳು ಮರೆತಿರಲಿಲ್ಲ, ಮರೆಯುವವಳೂ ಅಲ್ಲ.

"ಎತ್ತೆ ಅತ್ತೆ," ಎಂದಳು. "ಎತ್ತು ಮಣ್ಗೂ ಕೊಟ್ಟೆ."

ಸಿದ್ದಮಲ್ಲಪ್ಪ ಉಪ್ಪು ಕೇಳಿದ; ಬಟ್ಟಲನ್ನು ಅವಳು ಕುಕ್ಕಿದ ರಭಸಕ್ಕೆ ಉಪ್ಪು ನೆಲಕ್ಕೆ ಚೆಲ್ಲಿತು.

ಗಂಡನ ಮಾತನ್ನು ಅವಳು ನಂಬಲಿಲ್ಲ, ನಂಬದಿರಲು ಕಾರಣವೂ ಇತ್ತು. ಊರಿಗೆಲ್ಲ ಕುದುರೆ ನೋಡಿಕೊಡುವ ಈ ಮಹಾಶಯ ಯಾವ ಕುದುರೆಯ ಹಿಂದೆಯೂ ನಿಲ್ಲುತ್ತಿರಲಿಲ್ಲ! ಪ್ರಾಯದಲ್ಲಿ ಒಂದು ದನದ ಜಾತ್ರೆಯಲ್ಲಿ ಹೆಣ್ಣು ಕುದುರೆಯೊಂದು ಅವನ ತೊಡೆಗೆ ಝಾಡಿಸಿ ಒದ್ದಿತ್ತು. ಹುಣಿಸೆಮರದಿಂದ ಬಿದ್ದೆ ಎಂದು ಊರಿಗೆಲ್ಲ ಹೇಳಿಕೊಂಡು ತಿಂಗಳು ಮಲಗಿದ. ಗೊರಸಿನ ಗುರುತಿನ ಮೇಲೆ ಬಿಸಿ ಶಾಖ ಕೊಟ್ಟವಳು ಚನ್ನಮಲ್ಲಮ್ಮ. ಅಂದಿನಿಂದ ಅವನು ಹಿಂಗಾಲನ್ನು ಪಕ್ಕದಿಂದಲೇ ನೋಡುವುದು, ಅದೂ ಜಗಲಿ ಬಿಟ್ಟು ಇಳಿಯದೆ. ಪಕ್ಕದಿಂದ ನೋಡಿದರೆ ಗೆಣ್ಣು ಒಳಕ್ಕಿದೆಯೋ ಹೊರಕ್ಕಿದೆಯೋ ಯಾರಿಗೆ ಗೊತ್ತಾಗುತ್ತದೆ? ಗಿಣಿಯ ಹಾಗೆ ಪಾಠ ಮಾತ್ರ ಚೆನ್ನಾಗಿ ಒಪ್ಪಿಸುತ್ತಿದ್ದ: ಸರಿಯಾಗಿ ಬಾಲದ ಹಿಂದೆ ನಿಲ್ಲಬೇಕು, ಪುಟ್ಟಿಯಿಂದ, ಅಂದರೆ ಪಿರ್ರೆಯ ತುದಿಯಿಂದ, ಒಂದು ದಾರ ಇಳಿಬಿಟ್ಟರೆ ಅದು ಗೆಣ್ಣಿನ ನಡುವೆ ಹಾದು ಗೊರಸಿನ ನಡುವೆ ಬೀಳಬೇಕು. ಹೇಳುವುದು ಹಿಂದೆ ನಿಲ್ಲಬೇಕು ಎಂದು, ನೋಡುವುದು ಮೂಲೆಯಲ್ಲಿ ಕೂತು. ಅವಳಿಗೆ ಒಳಗೊಳಗೇ ನಗು ಬರುತ್ತಿತ್ತು. ಈ ಸಲ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು.

ಸದಾಶಿವ ಗಾಡಿ ಕಟ್ಟಿಕೊಂಡು, ಸರಹದ್ದಿನ ಸುಂಕದ ಕಟ್ಟೆ ದಾಟಿ, ಆಗ ಬೇರೆ ಸೀಮೆಗೆ ಸೇರಿದ್ದ ಕೊಳ್ಳೇಗಾಲಕ್ಕೆ ಗೂಡು ಸಾಗಿಸತೊಡಗಿದ. ಬಂದ ತಕ್ಷಣ ವಿಚಾರಣೆ ಶುರುವಾಗುತ್ತಿತ್ತು.

"ಏನ್ಲಾ, ಎಂಗೆ ಓಡ್ತು?"

"ಚೆಂದಾಗೇ ಓಡ್ತಪ್ಪ."

"ಕುದ್ರೆ ಕಡೆ ಮಾತೋ, ಮಾವನ ಕಡೆ ಮಾತೋ?"

"ಓಡಿದ್ನ ಓಡ್ತು ಅಂದೆ. ಅದ್ರಲ್ಲಿ ಮಾವ ಎಲ್ಲಿಂದ ಬಂದ್ರು?"

"ಮೆಲ್ಗೆ ಮಾತಾಡ್ಲಾ! ರಾತ್ರಿ ಎಂಡ್ತಿ ಕಿವಿ ಕಚ್ಚವಳೆ, ಬೆಳಗ್ಗೆ ನಿನ್ನ ಬಾಯಿ ಓಡ್ತದೆ."

ಸದಾಶಿವ ಮುಖ ತಿರುಗಿಸಿಕೊಂಡು ಕೊಟ್ಟಿಗೆಗೆ ಹೋದ. ಚನ್ನಮಲ್ಲಮ್ಮ ಹಿಂದೆಯೇ ಹೋಗಿ ಮಗನನ್ನು ತರಾಟೆಗೆ ತೆಗೆದುಕೊಂಡಳು.

"ನಿನ್ನ ಎಂಡ್ತಿ ಕನ್ಲಾ ಅವಳು. ಕಳಿಸ್ಲೇಬೇಕು ಅಂತ ನಿಮ್ಮಪ್ಪನಿಗೆ ಒಂದ್ ಮಾತು ಏಳಾಕಾಗಾಕಿಲ್ವಾ?"

"ಏಳಿದ್ರೆ ನನ್ಮೇಲೂ ಗುಮಾನಿ. ನೀನೇ ಏಳವ್ವ."

"ಮೀಸೆ ಬಂದವೆ ಮೂತಿ ಮ್ಯಾಲೆ, ಅವಕ್ಕಾರ ಮರ್ವಾದೆ ಕೊಡು!"

ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವುದೂ ಕಷ್ಟವಾಯಿತು. ಸುವರ್ಣಮ್ಮ ಎರಡು ತುತ್ತಿಗೇ ಕೈ ತೊಳೆಯುತ್ತಿದ್ದಳು. ಚನ್ನಮಲ್ಲಮ್ಮ ಅವರೆಕಾಳಿನ ಸಾರು ಮಾಡಿ, ಮೇಲೆ ಬೆಣ್ಣೆ ಹಾಕಿಕೊಟ್ಟರೂ ಸೇರುತ್ತಿರಲಿಲ್ಲ. ಒಂದು ಬೆಳಗ್ಗೆ ಕಸ ಎತ್ತಲು ಕೊಟ್ಟಿಗೆಗೆ ಹೋದರೆ, ಬಸುರಿ ಹುಡುಗಿ ಕುಕ್ಕರಗಾಲಲ್ಲಿ ಕೂತು ಕುದುರೆಯ ಹಿಂಗಾಲಿನ ಒಳಮಗ್ಗುಲಿಗೆ ಹರಳೆಣ್ಣೆ ಸವರುತ್ತಿದ್ದಾಳೆ! ಅಲ್ಲಿ ಕೂದಲು ಉಜ್ಜಿಹೋಗಿ ಚರ್ಮ ಕಾಣುತ್ತಿತ್ತು, ನಡೆಯುವಾಗ ಕಾಲಿಗೆ ಕಾಲು ತಾಗಿದ ಹಾಗೆ.

"ಏನವ್ವ ಮಾಡ್ತಿದ್ದೀಯೆ? ಒದ್ರೆ ಎರಡು ಜೀವ ಓಯ್ತವೆ!"

ಸುವರ್ಣಮ್ಮ ಗಾಬರಿಬಿದ್ದು ಎದ್ದಳು. "ನೊಣ ಕಚ್ಚಿತ್ತು ಅತ್ತೆ."

"ನೊಣ ಕಚ್ಚಿದ್ರೆ ಅಷ್ಟಗಲ ಕೂದ್ಲು ಓಯ್ತದಾ?"

ಹುಡುಗಿ ಕಣ್ಣು ತುಂಬಿಕೊಂಡಳು. ಚನ್ನಮಲ್ಲಮ್ಮ ಎಣ್ಣೆಯ ಬಟ್ಟಲನ್ನು ಕಿತ್ತುಕೊಂಡು ಅವಳನ್ನು ಒಳಗೆ ಕಳಿಸಿದಳು. ಕುದುರೆ ಬೆನ್ನು ಮಾಡಿಕೊಂಡು ನಿಂತಿತ್ತು. ಎರಡು ಹೆಜ್ಜೆ ಸರಿದು ಬಾಲದ ನೇರಕ್ಕೆ ನಿಂತು ನೋಡಿದ್ದರೆ ಎಲ್ಲ ಗೊತ್ತಾಗಿಬಿಡುತ್ತಿತ್ತು. ಅವಳು ನೋಡಲಿಲ್ಲ. ಆದರೂ ಅಂದಿನಿಂದ ಅವಳ ಹೊಟ್ಟೆಯಲ್ಲೂ ಅನುಮಾನದ ಹುಳ ಸೇರಿಕೊಂಡಿತು. ಈ ಹುಡುಗಿ ಏನು ಮುಚ್ಚಿಡುತ್ತಿದ್ದಾಳೆ? ಅಪ್ಪ ಹೇಳಿಕೊಟ್ಟಿದ್ದಾನೋ, ತಾನೇ ಕಂಡುಕೊಂಡಿದ್ದಾಳೋ? ಗಂಡನ ರೋಗ ತನಗೂ ಅಂಟಿತಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಏಳನೇ ತಿಂಗಳು ಮುಗಿಯುತ್ತಾ ಬಂತು. ಎಂಟರಲ್ಲಿ ಬಸುರಿಯನ್ನು ಊರ ಗಡಿ ದಾಟಿಸುವ ಪದ್ಧತಿಯಿಲ್ಲ. ಒಂಬತ್ತರಲ್ಲಿ ಆ ರಸ್ತೆಯ ಕುಲುಕಾಟಕ್ಕೆ ಒಡ್ಡುವುದುಂಟೆ? ಈಗ ಹೋಗದಿದ್ದರೆ ಹೋದ ಹಾಗಲ್ಲ. ಚನ್ನಮಲ್ಲಮ್ಮ ಗಂಡನಿಗೆ ಹೇಳದೆ, ಬಸ್ಸಿನಲ್ಲಿ ಹೊರಟವರ ಕೈಲಿ ಹನೂರಿಗೆ ಮಾತು ಮುಟ್ಟಿಸಿದಳು.

ರುದ್ರಸ್ವಾಮಿ ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ, ಒಳಗೆ ಮೆತ್ತಗೆ ಹುಲ್ಲು ಹಾಸಿಕೊಂಡು ಬಂದಿಳಿದ. ಬಾಳೆಗೊನೆ, ಎಲೆಅಡಿಕೆ, ಮಗಳಿಗೆ ಹಸಿರು ಸೀರೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಸಿದ್ದಮಲ್ಲಪ್ಪ ಕಾಲಿಗೆ ನೀರು ಕೊಡಿಸಿದ, ಆದರೆ ಚಾಪೆ ಹಾಸಿಸಲಿಲ್ಲ.

"ಬೀಗ್ರೇ, ನನ್ನ ಮಗಳ್ನ ಕರ್ಕಂಡು ಓಗಾಕೆ ಬಂದಿವ್ನಿ."

"ಓಗೀರಂತೆ. ಮೊದ್ಲು ಕುದ್ರೆ ಇಚಾರ ಮುಗೀಲಿ. ಅಸುಗಾಲಿನ್ ಕುದ್ರ ಕೊಟ್ಟು ನಮ್ಮ ಮನೆ ಮರ್ವಾದೆ ತಗುದ್ರಲ್ಲ, ಸರೀನಾ?"

ರುದ್ರಸ್ವಾಮಿಯ ಮುಖ ಕೆಂಪಾಯಿತು. "ಯಾರು ಅಂದೋರು? ಕಾಲು ನೆಟ್ಟಗದೆ. ಮಗಳಿಗೆ ಬಳುವಳಿ ಕೊಡೋದ್ರಲ್ಲಿ ಮೋಸ ಮಾಡೋ ವಂಶ ಅಲ್ಲ ನಮ್ದು. ಅಂಗೇನಾರ ಇದ್ರೆ ಕುದ್ರೇನೂ ಒಡ್ಕಂಡು ಓಯ್ತೀನಿ, ಈ ಒಸ್ಲೂ ಇನ್ನೊಂದ್ ಸಲ ತುಳಿಯಾಕಿಲ್ಲ. ನನ್ಗೆ ಮಗಳೂ ಇಲ್ಲ ಅಂದ್ಕತೀನಿ!"

ಬಾಗಿಲ ಮರೆಯಲ್ಲಿ ಸುವರ್ಣಮ್ಮ ಬಿಕ್ಕಿದಳು. ಮುದುಕಿ ದೊಡ್ಡಬಸಮ್ಮ "ಬುಡ್ತು ಅನ್ನಪ್ಪಾ, ಬುಡ್ತು ಅನ್ನು" ಎಂದು ಕೂಗಿಕೊಂಡಳು.

ಸದಾಶಿವ ಕುದುರೆಯನ್ನು ತಂದು ಅಂಗಳದ ಸಮನೆಲದಲ್ಲಿ ನಿಲ್ಲಿಸಿದ. ರುದ್ರಸ್ವಾಮಿ ಕೈ ಚಾಚಿ ಹೇಳಿದ: "ಬನ್ನಿ ಬೀಗ್ರೇ, ಇಂದೆ ನಿಂತು ನೋಡಿ ಏಳಿ."

ಸಿದ್ದಮಲ್ಲಪ್ಪ ಜಗಲಿಯಿಂದ ಒಂದು ಕಾಲು ಇಳಿಸಿದ. ಕುದುರೆ ಬಾಲ ಬೀಸಿತು. ಇಳಿಸಿದ ಕಾಲು ಮೇಲಕ್ಕೆ ಹೋಯಿತು.

"ನನಗೆ ಇಲ್ಲಿಂದ್ಲೇ ಕಾಣ್ತದೆ."

"ಮೂಲೇಲಿ ಕೂತು ಇಂಗಾಲು ನೋಡೋ ವಿದ್ಯೆ ನಾನು ಎಲ್ಲೂ ಕೇಳಿಲ್ಲ. ಬೇಡ, ಅಳಿಯಂದ್ರು ನೋಡ್ಲಿ."

"ಅವನು ಬೇಡ. ಅವನು ಎಂಡ್ತಿ ಸೆರಗು ನೋಡ್ಕಂಡು ಏಳ್ತಾನೆ." ಸಿದ್ದಮಲ್ಲಪ್ಪನ ಹಣೆಯಲ್ಲಿ ಬೆವರು ಮೂಡಿತ್ತು. ಅತ್ತ ನೋಡಿದ, ಇತ್ತ ನೋಡಿದ. ಕಡೆಗೆ ಅವನ ಕಣ್ಣು ಚನ್ನಮಲ್ಲಮ್ಮನ ಮೇಲೆ ನಿಂತಿತು. "ಇವಳು ನೋಡ್ಲಿ."

"ನಾನಾ?" ಎಂದಳು ಅವಳು.

"ಊಂ, ನೀನೇ. ನಾನು ಈ ಊರಲ್ಲಿ ಯಾರ್ನೂ ನಂಬಾಕಿಲ್ಲ ಬೀಗ್ರೇ, ಎತ್ತವ್ವನ್ನೂ ಎರಡ್ ಸಲ ಕೇಳ್ತೀನಿ. ಇವಳು ಮಾತ್ರ ನನ್ಗೆ ಇದುವರ್ಗೂ ಸುಳ್ಳು ಏಳಿಲ್ಲ. ಇವಳು ನೆಟ್ಟಗದೆ ಅಂದ್ರೆ ನೆಟ್ಟಗದೆ. ನಿಮ್ ಕಾಲಿಗೆ ಬೀಳ್ತೀನಿ, ಮಗಳ್ನ ಕರ್ಕಂಡು ಓಗಿ. ಸೊಟ್ಟಗದೆ ಅಂದ್ರೆ ಸೊಟ್ಟಗದೆ."

ಇಷ್ಟು ವರ್ಷದ ಸಂಸಾರದಲ್ಲಿ ಅವನ ಬಾಯಿಂದ ಇಂಥ ಮಾತು ಒಂದೂ ಬಂದಿರಲಿಲ್ಲ. ಚನ್ನಮಲ್ಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕಿಳಿದು, ಒದ್ದರೂ ತಾಗದಷ್ಟು ದೂರದಲ್ಲಿ, ಸರಿಯಾಗಿ ಬಾಲದ ಹಿಂದೆ ನಿಂತಳು. "ಬಾಲ ಪಕ್ಕಕ್ಕೆ ಇಡ್ಕಳ್ಲಾ ಸದಾಶಿವ" ಎಂದಳು. ಪುಟ್ಟಿಯಿಂದ ಕೆಳಕ್ಕೆ ಮನಸ್ಸಿನಲ್ಲೇ ದಾರ ಇಳಿಬಿಟ್ಟಳು.

ದಾರ ಗೆಣ್ಣಿನ ನಡುವೆ ಹಾಯಲಿಲ್ಲ. ಗೆಣ್ಣುಗಳೆರಡೂ ಒಳಕ್ಕೆ ವಾಲಿ ಹತ್ತಿರ ಹತ್ತಿರ ಬಂದಿದ್ದವು, ಗೊರಸುಗಳು ಒಂದು ಬಡಗಲಿಗೆ, ಒಂದು ತೆಂಕಲಿಗೆ ಮುಖ ಮಾಡಿದ್ದವು. ಕೊಟ್ಟಿಗೆಯಲ್ಲಿ ಅವಳು ದಿನಾ ಹಾಲು ಕರೆಯುವ ಹಸುವೇ ನಿಂತ ಹಾಗಿತ್ತು. ಮೂಲೆಯಲ್ಲಿ ಕೂತು ಅದು ಹೇಗೆ ಕಂಡುಹಿಡಿದನೋ, ಬಲ್ಲವನಾಗಿ ಹೇಳಿದನೋ, ಎಲ್ಲದಕ್ಕೂ ಅನುಮಾನಪಡುವವನ ಅನುಮಾನ ಒಂದು ಸಲ ಗುರಿಗೆ ಬಿತ್ತೋ, ಶಿವನೇ ಬಲ್ಲ! ಗಂಡನ ಮಾತು ನಿಜ.

ತಲೆಯೆತ್ತಿ ರುದ್ರಸ್ವಾಮಿಯನ್ನು ನೋಡಿದಳು. ಇಷ್ಟೊತ್ತು ಅಬ್ಬರಿಸಿದವನು ನೆಲ ನೋಡುತ್ತಿದ್ದ. ಬಾಗಿಲಲ್ಲಿ ಸುವರ್ಣಮ್ಮ ಚೌಕಟ್ಟು ಹಿಡಿದು ನಿಂತಿದ್ದಳು, ಇನ್ನೊಂದು ಕೈ ಹೊಟ್ಟೆಯ ಮೇಲೆ. ಜಗಲಿಯ ಮೇಲಿಂದ ಗಂಡ ಇವಳ ಬಾಯನ್ನೇ ನೋಡುತ್ತಿದ್ದ.

"ನೆಟ್ಟಗದೆ," ಎಂದಳು ಚನ್ನಮಲ್ಲಮ್ಮ.

"ಸರ್ಯಾಗಿ ನೋಡ್ದಾ?"

"ನೋಡ್ದೆ. ದಾರ ಬುಟ್ಟಂಗೆ ನೆಟ್ಟಗದೆ."

ಸಿದ್ದಮಲ್ಲಪ್ಪ ಜಗಲಿ ಇಳಿದು ಬಂದು ಬೀಗನ ಎರಡೂ ಕೈ ಹಿಡಿದುಕೊಂಡು, "ತಪ್ಪಾಯ್ತು ಬೀಗ್ರೇ, ಒಟ್ಟೆಗೆ ಆಕ್ಕಳಿ" ಎಂದ. ಒಳಗೆ ಒಲೆ ಹೊತ್ತಿತು, ಒಬ್ಬಟ್ಟಿಗೆ ಬೇಳೆ ಬಿತ್ತು. ಮುದುಕಿ ಮೊಮ್ಮಗನ ಹೆಂಡತಿಯ ಮುಡಿಗೆ ಹೂವಿಟ್ಟು ನೆಟಿಕೆ ಮುರಿದಳು.

ಹೊರಡುವಾಗ ರುದ್ರಸ್ವಾಮಿ ಗಾಡಿಯ ಮರೆಯಲ್ಲಿ ಚನ್ನಮಲ್ಲಮ್ಮನೆದುರು ತಡೆದು ನಿಂತ. "ತಂಗಿ, ತಂದ ಮ್ಯಾಲೆ ನಂಗೂ ಗೊತ್ತಾಯ್ತು ಕನವ್ವ. ಮಾರಿದೋನು ಉಲ್ಲಿನ್ ಮ್ಯಾಲೆ ನಿಲ್ಲಿಸಿದ್ದ. ಕೊಡ್ತೀನಿ ಅಂತ ಅಂದಾಗಿತ್ತು..."

"ಮಾತಾಡ್ಬ್ಯಾಡಿ ಅಣ್ಣ. ಮಾತಾಡ್ದಷ್ಟೂ ನಂಗೆ ಉರೀತದೆ. ಆ ಮಗೀನ ಬಾಣಂತನ ನೆಟ್ಟಗೆ ಮಾಡಿ, ಓಗಿ."

ಗಾಡಿ ಹೊರಟಿತು. ಸುವರ್ಣಮ್ಮ ತಿರುಗಿ ತಿರುಗಿ ಅತ್ತೆಯನ್ನೇ ನೋಡುತ್ತಾ ಹೋದಳು.

ಆ ದಿನದಿಂದ ಚನ್ನಮಲ್ಲಮ್ಮ, ಗಂಡ ಇವತ್ತು ಕೇಳುತ್ತಾನೆ, ನಾಳೆ ಕೇಳುತ್ತಾನೆ ಎಂದು ಕಾದಳು. ಅಡ್ಡ ಪ್ರಶ್ನೆ ಹಾಕಿದರೆ ಜಗಳವಾಡಿಕೊಂಡೇ ಬಾಯಿ ಬಿಟ್ಟುಬಿಡಬಹುದಿತ್ತು. ಅವನು ಕೇಳಲಿಲ್ಲ. ಗಾಣದವನ ಎಣ್ಣೆಯ ಬಗ್ಗೆ ಕೇಳಿದ, ಅಗಸನ ಬಗ್ಗೆ ಕೇಳಿದ, ಇದೊಂದನ್ನು ಕೇಳಲಿಲ್ಲ. ಒಂದು ಸಂಜೆ ಕೊಳ್ಳೇಗಾಲದಿಂದ ಬಂದ ಸದಾಶಿವ, "ಅಪ್ಪ, ಇಂಗಾಲಿನ್ ಲಾಳ ಒಂದೇ ಕಡೆ ಸವೆದದೆ" ಎಂದ.

ಮುದ್ದೆ ಮುರಿಯುತ್ತಿದ್ದ ಸಿದ್ದಮಲ್ಲಪ್ಪ ತಲೆಯನ್ನೂ ಎತ್ತಲಿಲ್ಲ. "ರಸ್ತೆ ಸರಿಯಿಲ್ಲ ಕನ್ಲಾ. ಕಾಲು ನೆಟ್ಟಗದೆ, ನಿಮ್ಮವ್ವ ನೋಡವಳೆ."

ಲೋಕವನ್ನೇ ಅನುಮಾನಿಸುವ ಮನುಷ್ಯ ತನ್ನನ್ನು ಇಷ್ಟು ನಂಬಬಾರದಿತ್ತು ಎಂದುಕೊಂಡಳು ಚನ್ನಮಲ್ಲಮ್ಮ. ಮಾರನೆಯ ಬೆಳಗ್ಗೆಯಿಂದ ಕುದುರೆಯ ಗೆಣ್ಣಿಗೆ ಹರಳೆಣ್ಣೆ ಸವರುವ ಕೆಲಸ ಅವಳದಾಯಿತು.

ದಿನ ತುಂಬಿ ಹನೂರಿನಿಂದ ಸುದ್ದಿ ಬಂತು: ಹೆಣ್ಣುಮಗು, ತಾಯಿ ಮಗು ಇಬ್ಬರೂ ಸುಖ. ಚನ್ನಮಲ್ಲಮ್ಮ ದೇವರ ಮನೆಯಲ್ಲಿ ಕೂತು ಮನಸಾರೆ ಅತ್ತಳು. ಸಿದ್ದಮಲ್ಲಪ್ಪ ಜಗಲಿಯಲ್ಲಿ ಬಂದಬಂದವರಿಗೆಲ್ಲ ಬೆಲ್ಲ ಹಂಚುತ್ತಿದ್ದ. ಆ ಹೊತ್ತಿಗೆ ಸರಿಯಾಗಿ ಕೆಳಗಲ ಬೀದಿಯ ಚಿಕ್ಕಮಾದಪ್ಪ, ಹೊಸದಾಗಿ ಕೊಳ್ಳಬೇಕೆಂದಿದ್ದ ತಟ್ಟು ಕುದುರೆಯೊಂದನ್ನು ಹಿಡಿದು ತಂದು ನಿಲ್ಲಿಸಿದ.

"ಅಣ್ಣಾ, ಸ್ವಲ್ಪ ಇಂಗಾಲು ನೋಡ್ಬುಟ್ಟು ಏಳಿ. ನೀವು ಸೈ ಅಂದ್ರೆ ತಕಂಡ್ಬುಡ್ತೀನಿ."

"ನನ್ನ ಕೇಳ್ಬ್ಯಾಡ ಕಣ್ಲಾ ಮಾದಪ್ಪ. ನನ್ನ ಕಣ್ಣು ಕೆಟ್ಟೋಗವೆ. ಬೀಗ್ರ ಕುದ್ರಗೇ ಸುಳ್ಳು ದೋಷ ಒರಿಸ್ಬುಟ್ಟೋನು ನಾನು," ಎಂದು ಸಿದ್ದಮಲ್ಲಪ್ಪ ಒಳಕ್ಕೆ ತಿರುಗಿ ಕೂಗಿದ. "ಇವಳೇ, ಬಾ ಇಲ್ಲಿ! ಇಂದೆ ನಿಂತು ನೋಡಿ ಏಳು. ಇವಳು ಏಳಿದ್ದೇ ಮಾತು ಕನ ಮಾದಪ್ಪ."

ಚನ್ನಮಲ್ಲಮ್ಮ ಕಣ್ಣೊರೆಸಿಕೊಂಡು ಹೊರಗೆ ಬಂದಳು. ಬಾಲದ ಹಿಂದೆ ನಿಂತಳು. ಆ ತಟ್ಟುವಿನ ಕಾಲುಗಳು ಕಂಬ ನೆಟ್ಟ ಹಾಗೆ ಚೊಕ್ಕವಾಗಿದ್ದವು, ಹೆಸರಿಡುವ ಹಾಗಿರಲಿಲ್ಲ. ಗಂಡ ಬೆಲ್ಲದ ತಟ್ಟೆ ಹಿಡಿದು ಅವಳ ಮುಖ ನೋಡುತ್ತಾ ಕಾಯುತ್ತಿದ್ದ, ಚಿಕ್ಕಮಾದಪ್ಪ ಕಾಯುತ್ತಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕಿತ್ತು, ಬೀಗರ ಕುದುರೆಗೆ ಹೇಳಿದ್ದ ಅದೇ ಒಂದು ಮಾತು, ನೆಟ್ಟಗದೆ. ಅವಳು ಎರಡು ಸಲ ಬಾಯಿ ತೆರೆದಳು, ಆ ಮಾತು ಹೊರಗೆ ಬರಲೇ ಇಲ್ಲ.